ಆಟದೊಳಗಣ ಕಣಿ

ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯು ಮಲಪ್ರಭೆಯನ್ನು ದಾಟುವೆಡೆಯಲ್ಲಿ ಎಂ.ಕೆ. ಹುಬ್ಬಳ್ಳಿ ಇದೆ. ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳವೆಂದು ಜನ ನಂಬಿರುವ ಮಂಟಪವು ಅಲ್ಲಿ ನದಿಯ ಒಡಲಲ್ಲಿಯೇ ನಿಂತಿದೆ. ತಿಥಿ ವಾರ ನಕ್ಷತ್ರಗಳ ಬಲಾಬಲವನ್ನು ನೋಡಿಯೇ ಕಾರ್ಯಕ್ಕೆ ಕೈಯಿಕ್ಕಬೇಕೆಂಬ ಪರಿಪಾಠವನ್ನು ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ನಿರಾಕರಿಸಿದ ಶರಣಪರಂಪರೆಗೆ ಸೇರಿದ ಕ್ಷೇತ್ರವದು. ಅದೇ ನದಿಯ ಹರಿವಿನಗುಂಟ ಮೂಡಣಕ್ಕೆ ಹೋದರೆ ಸವದತ್ತಿ. ಅಲ್ಲಿ ಎಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಆ ಗುಡ್ಡವನ್ನೇರುವ ಜನಸಾಗರದಲ್ಲಿ ಜೋಗತಿಯರ ಕೊರಳ ಕವಡೆಯ ಸರವನ್ನು ಕಾಣದವರಿಲ್ಲ.

ಈ ಕವಡೆಯ ಬಾಳುವೆ ವಿಚಿತ್ರವಾದುದು. ಗುಡ್ಡದ ಮೇಲೆ ಅದು ದೇವಿಯ ಮುದ್ರೆ. ಗುಡ್ಡವಿಳಿದು ಮನೆಗೆ ಬಂದರೆ, ಮಳೆಗಾಲದ ಮಧ್ಯಾಹ್ನ ಅಜ್ಜಿ ಮೊಮ್ಮಕ್ಕಳು ಜಗಲಿಯ ಮೇಲೆ ಸುಣ್ಣದ ಗೆರೆಯೆಳೆದು ಆಡುವ ಚೌಕಾಬಾರಕ್ಕೆ ಅದೇ ದಾಳ. ಘಟ್ಟವನ್ನಿಳಿದು ಕರಾವಳಿಗೆ ಹೋದರೆ, ಜೋಯಿಸರ ಮಣೆಯ ಮೇಲೆ ಅದೇ ಕವಡೆ ಉರುಳಿ, ಕಳೆದುಹೋದ ಒಡವೆಯ ದಿಕ್ಕನ್ನೂ ಕೂಡಿಬಾರದ ಸಂಬಂಧದ ಕಾರಣವನ್ನೂ ಹೇಳುತ್ತದೆ. ಚಿಪ್ಪು ಒಂದೇ, ಅದು ಆಟವೋ ಭವಿಷ್ಯವೋ ಎಂಬುದು ಅದನ್ನು ಎಸೆದವರು ಯಾರು, ಎದುರಿಗೆ ಕುಳಿತವರು ಯಾವ ಒಪ್ಪಂದದ ಮೇಲೆ ಕುಳಿತಿದ್ದಾರೆ ಎಂಬುದನ್ನು ಹೊಂದಿಕೊಂಡಿದೆ.

ಈ ಮಾತನ್ನು ಇಲ್ಲಿ ನೆನೆಯಲು ಕಾರಣವುಂಟು. ಬೆಂಗಳೂರಿನಂಥ ನಗರಗಳಲ್ಲಿ ಕಾಲೇಜು ತರುಣ ತರುಣಿಯರು ರಜೆಯ ದಿನ ಮೇಜಿನ ಸುತ್ತ ಕುಳಿತು, ಇಪ್ಪತ್ತು ಮುಖಗಳ ದಾಳವನ್ನುರುಳಿಸುತ್ತ ಗಂಟೆಗಟ್ಟಲೆ ಆಡುವ ಒಂದು ಹೊಸ ಬಗೆಯ ಆಟವಿದೆ. ಆ ಮೇಜಿನ ಮೇಲೆ ಒಮ್ಮೊಮ್ಮೆ ಭವಿಷ್ಯ ಹೇಳುವ ಚಿತ್ರದೆಲೆಗಳೂ ಕಾಣಿಸಿಕೊಳ್ಳುತ್ತವೆ. ಕಾಫಿಯ ಲೋಟಗಳನ್ನು ಹಿಡಿದು ಒಳಗೆ ಬಂದ ತಾಯಿ ಅಸ್ಥಿಪಂಜರದ ಚಿತ್ರವುಳ್ಳ ಎಲೆಯೊಂದನ್ನು ಕಂಡು ಬೆಚ್ಚಿದರೆ ಅದು ಆಶ್ಚರ್ಯವಲ್ಲ. ಮನೆಯಲ್ಲಿ ಮಕ್ಕಳು ಆಡುತ್ತಿರುವುದು ಏನನ್ನು?

ಪಾತ್ರಧಾರಿಗಳ ಆಟ

1974ರಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಇದರಲ್ಲಿ ಕಾಯಿ ನಡೆಸುವುದಕ್ಕಿಂತ ಮಾತಾಡುವುದೇ ಹೆಚ್ಚು. ಒಬ್ಬಳು ಮಂತ್ರವಾದಿ, ಒಬ್ಬ ಕತ್ತಿವರಸೆಯ ವೀರ, ಇನ್ನೊಬ್ಬ ಬೀಗ ಮುರಿಯುವ ಕಳ್ಳ. ಹೀಗೆ ನಾಲ್ಕೈದು ಮಂದಿ ತಮಗೊಂದೊಂದು ಪಾತ್ರವನ್ನು ಕಲ್ಪಿಸಿಕೊಳ್ಳುತ್ತಾರೆ. ಆರನೆಯವನೊಬ್ಬ ಸೂತ್ರಧಾರ. ಕಾಡು ಕೋಟೆ ರಾಕ್ಷಸರೆಲ್ಲ ಅವನ ವಶ. “ಕೋಟೆಯ ಬಾಗಿಲು ತೆರೆದಿದೆ, ಒಳಗೆ ಯಾರೋ ವಾದ್ಯ ನುಡಿಸುತ್ತಿದ್ದಾರೆ, ಏನು ಮಾಡುತ್ತೀರಿ?” ಎಂದು ಅವನು ಕೇಳುತ್ತಾನೆ. ಇವರು ಉತ್ತರಿಸುತ್ತಾರೆ. ಕೆಲಸ ಫಲಿಸಿತೇ ಇಲ್ಲವೇ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ಕನ್ನಡಿಗರಿಗೆ ಇದು ತೀರ ಅಪರಿಚಿತವಾಗಬೇಕಾದುದಿಲ್ಲ. ನಮ್ಮ ನುಡಿಯಲ್ಲಿ ‘ಆಟ’ವೆಂದರೆ ಪಗಡೆಯೂ ಹೌದು, ಬಯಲಾಟವೂ ಹೌದು. ಭಾಗವತನು ಕಥೆಯನ್ನು ನಡೆಸುತ್ತಿರುವಾಗ ವೇಷಧಾರಿಗಳು ರಂಗಸ್ಥಳದಲ್ಲಿಯೇ ಅರ್ಥವನ್ನು ಕಟ್ಟುತ್ತ ಹೋಗುವ ಪದ್ಧತಿಯನ್ನು ಬಲ್ಲವರು, ಆ ಭಾಗವತನ ಕೈಗೊಂದು ದಾಳವನ್ನು ಕೊಟ್ಟು ನೋಡಿದರೆ ಸಾಕು. ಈ ಪರದೇಶದ ಆಟದ ಮುಕ್ಕಾಲು ಪಾಲು ತಿಳಿದಂತೆ.

ಚಿತ್ರದೆಲೆಗಳು ಈ ಆಟಕ್ಕೆ ಬಂದುದು ಬಹುಬೇಗ. 1975ರ ಒಂದು ಅನುಬಂಧದಲ್ಲಿಯೇ ಒಂದು ಮಾಯೆಯ ಎಲೆಕಟ್ಟು ಬರುತ್ತದೆ. ಎಷ್ಟು ಎಲೆಗಳನ್ನು ಎಳೆಯುವೆನೆಂದು ಮೊದಲೇ ಹೇಳಿ ಎಳೆಯಬೇಕು. ಒಂದೆಲೆ ಸಿರಿಯನ್ನು ಕೊಟ್ಟೀತು, ಮುಂದಿನದು ಪ್ರಾಣವನ್ನೇ ಸೆರೆಹಿಡಿದೀತು. ಅದು ಜೂಜಿನ ಮೋಜೇ ಹೊರತು ಭವಿಷ್ಯವಲ್ಲ.

ಭವಿಷ್ಯವು ನಿಜವಾಗಿ ಬಂದುದು 1983ರಲ್ಲಿ. ಟ್ರೇಸಿ ಹಿಕ್‌ಮನ್ ಮತ್ತು ಲಾರಾ ಹಿಕ್‌ಮನ್ ದಂಪತಿಗಳು ‘ರೇವನ್‌ಲಾಫ್ಟ್’ ಎಂಬ ಸಾಹಸಕಥೆಯನ್ನು ಆಟಕ್ಕಾಗಿ ರಚಿಸಿದರು. ಮಂಜು ಕವಿದ ಕಣಿವೆ. ಬೆಟ್ಟದ ತುದಿಯಲ್ಲಿ ಕೋಟೆ. ಕೋಟೆಯಲ್ಲಿ ಸಾವಿಲ್ಲದ ರಕ್ತಪಿಪಾಸು ದೊರೆ ಸ್ಟ್ರಾಡ್. ಕಣಿವೆಯಲ್ಲಿ ಬೀಡುಬಿಟ್ಟ ಅಲೆಮಾರಿಗಳ ಗುಡಾರದಲ್ಲಿ ಈವಾ ಎಂಬ ಮುದುಕಿ. ಸಾಹಸಿಗಳು ಅವಳೆದುರು ಕುಳಿತಾಗ ಅವಳು ಎಲೆಗಳನ್ನು ಒಂದೊಂದಾಗಿ ತೆರೆಯುತ್ತಾಳೆ. ಆಟವಾಡಿಸುವವನು ಆಗ ಸಾಧಾರಣ ಇಸ್ಪೀಟೆಲೆಗಳನ್ನೇ ಬಳಸಬೇಕಾಗಿತ್ತು. 2016ರಲ್ಲಿ ಈ ಕಥೆಯನ್ನು ವಿಸ್ತರಿಸಿ ಮತ್ತೆ ಪ್ರಕಟಿಸಿದಾಗ ಅದಕ್ಕೆಂದೇ ರಚಿತವಾದ 54 ಎಲೆಗಳ ಕಟ್ಟಿಗೆ ಸ್ಥಾನ ದೊರೆಯಿತು. ಐದು ಎಲೆಗಳು ಮೇಜಿನ ಮೇಲೆ ಬೀಳುತ್ತವೆ. ದೊರೆಯ ರಹಸ್ಯ ದಿನಚರಿ ಎಲ್ಲಿದೆ ಎಂಬುದಕ್ಕೆ ಮೊದಲನೆಯದು, ಪವಿತ್ರವಾದ ಲಾಂಛನಕ್ಕೆ ಎರಡನೆಯದು, ಬೆಳಕಿನ ಖಡ್ಗಕ್ಕೆ ಮೂರನೆಯದು. ನೆರವಿಗೆ ಬರುವ ಗೆಳೆಯನಾರೆಂದು ನಾಲ್ಕನೆಯದು ಹೇಳುತ್ತದೆ. ವೈರಿಯನ್ನು ಕೊನೆಗೆ ಎದುರಿಸಬೇಕಾದ ತಾಣವನ್ನು ಐದನೆಯದು.

ಇಲ್ಲಿಯ ಚಮತ್ಕಾರವನ್ನು ಗಮನಿಸಬೇಕು. ಮುದುಕಿಯ ಮಾತು ಬರಿಯ ಅಲಂಕಾರವಲ್ಲ. ಎಲೆ ಬೀಳುವವರೆಗೆ ಖಡ್ಗವು ಎಲ್ಲಿಯೂ ಇಲ್ಲ. ಎಲೆ ಬಿದ್ದ ಗಳಿಗೆಯಿಂದ ಅದು ಗೋರಿಯಲ್ಲಿಯೋ ಗೋಪುರದಲ್ಲಿಯೋ ಇದೆ. ಮತ್ತೊಂದು ಊರಿನಲ್ಲಿ ಮತ್ತೊಂದು ತಂಡವು ಇದೇ ಕಥೆಯನ್ನಾಡಿದರೆ ಖಡ್ಗವು ಬೇರೆ ಕಡೆ. ಸೂತ್ರಧಾರನಿಗೂ ಮುಂಚಿತವಾಗಿ ತಿಳಿಯದ ಭವಿಷ್ಯವನ್ನು ಎಲೆಗಳು ನುಡಿಯುತ್ತವೆ, ಅದನ್ನು ನಿಜಮಾಡುವ ಹೊಣೆಯನ್ನು ಅವನು ಹೊರುತ್ತಾನೆ.

ಆಟದಿಂದ ಶಾಸ್ತ್ರಕ್ಕೆ

ಪಾಶ್ಚಾತ್ಯರ ಭವಿಷ್ಯದೆಲೆಗಳಿಗೆ ಟ್ಯಾರೊ ಎಂದು ಹೆಸರು. ಒಟ್ಟು 78 ಎಲೆಗಳು. ಅವುಗಳಲ್ಲಿ 22 ಚಿತ್ರಗಳ ವಿಶೇಷ ಎಲೆಗಳು, ಮಿಕ್ಕ 56 ನಮ್ಮ ಇಸ್ಪೀಟಿನ ಸೋದರಸಂಬಂಧಿಗಳು. ಇವುಗಳ ಪೂರ್ವೋತ್ತರವನ್ನು ಕೇಳಿದರೆ ಎಲೆ ನೋಡಿ ಬೆಚ್ಚಿದ ತಾಯಿಗೆ ನಗು ಬಂದೀತು. ಹದಿನೈದನೆಯ ಶತಮಾನದ ಇಟಲಿಯಲ್ಲಿ, ಮಿಲಾನ್ ಫೆರಾರಾಗಳ ಅರಮನೆಗಳಲ್ಲಿ, ಇವು ಹುಟ್ಟಿದುದೇ ಆಟಕ್ಕಾಗಿ. ಆ 22 ಚಿತ್ರಗಳು ತುರುಫು ಎಲೆಗಳಾಗಿದ್ದವು, ಅಷ್ಟೆ. ಮುನ್ನೂರಕ್ಕೂ ಹೆಚ್ಚು ವರ್ಷ ಯೂರೋಪಿನ ಜನ ಅವನ್ನು ಹಂಚಿಕೊಂಡು ಆಡಿದರು. 1781ರಲ್ಲಿ ಪ್ಯಾರಿಸಿನ ಕೂರ್ ದ ಜೆಬೆಲಾಂ ಎಂಬ ಪಂಡಿತನು, ಇವು ಆಟದೆಲೆಗಳೇ ಅಲ್ಲ, ಪ್ರಾಚೀನ ಈಜಿಪ್ಟಿನ ಪುರೋಹಿತರು ಅಡಗಿಸಿಟ್ಟ ಜ್ಞಾನಭಂಡಾರವೆಂದು ಸಾರಿದನು. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯನ್ ಬಿಡಿಸಿದ್ದು 1822ರಲ್ಲಿ! ಓದಲು ಬಾರದ ಲಿಪಿಯ ಆಧಾರದ ಮೇಲೆ ಕಟ್ಟಿದ ಸಿದ್ಧಾಂತಕ್ಕೆ ಎದುರಾಡುವವರಾದರೂ ಯಾರಿದ್ದರು? ಕೆಲವೇ ವರ್ಷಗಳಲ್ಲಿ ಎಟೆಯಾ ಎಂಬ ಹೆಸರಿನಿಂದ ಬರೆದ ಇನ್ನೊಬ್ಬ ಫ್ರೆಂಚನು ಎಲೆಗಳಿಂದ ಫಲ ಹೇಳುವ ಕ್ರಮವನ್ನು ಪುಸ್ತಕವಾಗಿಸಿದನು. ಇಂದು ಎಲ್ಲೆಡೆ ಕಾಣುವ ಚಿತ್ರಗಳಾದರೋ 1909ರವು. ಲಂಡನ್ನಿನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದವು. ಫ್ರಾನ್ಸಿನಲ್ಲಿಯೂ ಆಸ್ಟ್ರಿಯಾದಲ್ಲಿಯೂ ಟ್ಯಾರೊ ಇಂದಿಗೂ ಮನೆಮಂದಿ ಕೂಡಿ ಆಡುವ ಆಟವೇ ಆಗಿ ಉಳಿದಿದೆ.

ಹೀಗಿರಲಾಗಿ, ಆಟದ ಮೇಜಿಗೆ ಈ ಎಲೆಗಳು ಬಂದವೆಂದರೆ ಶಾಸ್ತ್ರವೊಂದು ಆಟದೊಳಗೆ ನುಸುಳಿತೆಂದಲ್ಲ. ಮನೆಬಿಟ್ಟು ಹೋದ ಆಟ ಮನೆಗೆ ಮರಳಿತೆಂದು ಹೇಳಬಹುದು.

ನಮ್ಮಲ್ಲಿಯೂ ಆಟಕ್ಕೂ ಫಲಕ್ಕೂ ನಡುವೆ ಗೋಡೆ ಗಟ್ಟಿಯಾಗಿರಲಿಲ್ಲ. ಮಧ್ಯ ಏಷ್ಯದ ಕುಚಾದ ಬಳಿ 1890ರಲ್ಲಿ ಸಿಕ್ಕಿದ ಬೋವರ್ ಹಸ್ತಪ್ರತಿಯೆಂಬ ಪ್ರಾಚೀನ ಸಂಸ್ಕೃತ ಗ್ರಂಥದಲ್ಲಿ ವೈದ್ಯದ ಭಾಗಗಳ ಜೊತೆಗೆ ದಾಳವೆಸೆದು ಫಲ ನೋಡುವ ಭಾಗಗಳೂ ಇವೆ. ಶಕುನಿಯ ಕೈಯಲ್ಲಿದ್ದ ವಸ್ತುವೇ ಅಲ್ಲಿ ಶಕುನದ ವಸ್ತು.

ಎಲೆಗಳ ವಿಷಯಕ್ಕೆ ಬಂದರೆ, ಬಾಬರನು 1527ರಲ್ಲಿ ಸಿಂಧದ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಚರಿತ್ರೆಯಲ್ಲಿದೆ. ಮೊಗಲರ ಎಂಟು ಬಣ್ಣಗಳ 96 ಎಲೆಗಳ ಆ ಆಟವು ದಕ್ಷಿಣಕ್ಕೆ ಬರುತ್ತ ಬರುತ್ತ ಹತ್ತು ಅವತಾರಗಳ 120 ಎಲೆಗಳ ದಶಾವತಾರ ಗಂಜೀಫಾ ಆಯಿತು. ಎಂ.ಕೆ. ಹುಬ್ಬಳ್ಳಿಯ ಕಡೆಯವರಿಗೆ ಇದರ ಹಳೆಯ ನೆಲೆ ದೂರವೇನಲ್ಲ. ಬೆಳಗಾವಿಗೆ ಹೋಗಿ ಅಂಬೋಲಿ ಘಟ್ಟವನ್ನಿಳಿದರೆ ಸಾವಂತವಾಡಿ. ಅಲ್ಲಿಯ ಭೋಸಲೆ ಮನೆತನದ ಶಿವರಾಮರಾಜೆ ಮತ್ತು ಸತ್ವಶೀಲಾದೇವಿಯವರು ನಂದಿಹೋಗುತ್ತಿದ್ದ ಈ ಕಲೆಗೆ 1970ರ ದಶಕದಲ್ಲಿ ಅರಮನೆಯಲ್ಲಿಯೇ ಮತ್ತೆ ನೆಲೆ ಕಲ್ಪಿಸಿದರು.

ಆದರೆ ಗಂಜೀಫಾದ ಹುಚ್ಚನ್ನು ತುದಿ ಮುಟ್ಟಿಸಿದವರು ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಅರಸರಿಗೆ ಉಳಿದುದು ವಿದ್ಯೆ, ದೇವತಾರ್ಚನೆ, ಆಟ. ಅವರ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ಕೌತುಕನಿಧಿಯು ಆಟಗಳಿಗೇ ಮೀಸಲು. ಚಾಮುಂಡೇಶ್ವರಿಯ ಹೆಸರಿನ ಅವರ ಎಲೆಯಾಟಕ್ಕೆ 320 ಎಲೆಗಳು ಬೇಕು, ಜಗನ್ಮೋಹನವೆಂಬುದಕ್ಕೆ 360! ಅಷ್ಟು ಎಲೆಗಳನ್ನು ನೆನಪಿಟ್ಟು ಆಡಬಲ್ಲವರು ಆಸ್ಥಾನದಲ್ಲಿ ಎಷ್ಟು ಮಂದಿ ಇದ್ದರೋ. ಅರಸರು ರಚಿಸಿದವುಗಳಲ್ಲಿ ನವಗ್ರಹಗಳ ಆಟವೂ ಒಂದು. ಜಾತಕದ ಕುಂಡಲಿಯಲ್ಲಿ ಮನೆಮಂದಿಯನ್ನು ನಡುಗಿಸುವ ಶನಿ ರಾಹು ಕೇತುಗಳು ಅಲ್ಲಿ ಕೈಯೊಳಗಿನ ಎಲೆಗಳು. ರಾಜ್ಯವನ್ನು ಕಳೆದುಕೊಂಡ ದೊರೆಯು ಗ್ರಹಗಳನ್ನು ಕೈಯಲ್ಲಿ ಹಿಡಿದು ಹಂಚುತ್ತ ಕುಳಿತ ಚಿತ್ರವು ಕಣ್ಣಿಗೆ ಕಟ್ಟುವಂಥದು. ಮುಂದೆ ಅಳಿಯುತ್ತಿದ್ದ ಮೈಸೂರು ಗಂಜೀಫಾ ಚಿತ್ರಕಲೆಗೆ ಮರುಜೀವ ಕೊಟ್ಟವರಲ್ಲಿ ಶ್ರೀರಂಗಪಟ್ಟಣದಲ್ಲಿ ನೆಲೆಸಿದ ರಘುಪತಿ ಭಟ್ಟರ ಹೆಸರು ಮೊದಲನೆಯದು.

ನಮ್ಮ ಬೀದಿಯ ಭವಿಷ್ಯದೆಲೆಯೆಂದರೆ ಗಿಳಿಶಾಸ್ತ್ರದ್ದು. ಪಂಜರದ ಬಾಗಿಲು ತೆರೆದರೆ ಗಿಳಿ ಹೊರಬಂದು, ಸಾಲಾಗಿಟ್ಟ ಲಕೋಟೆಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆದುಕೊಟ್ಟು, ಕಾಳು ತಿಂದು ಒಳಗೆ ಹೋಗುತ್ತದೆ. ಸಾಧಾರಣವಾಗಿ ನಕ್ಷತ್ರಗಳ ಲೆಕ್ಕಕ್ಕೆ ಸರಿಯಾಗಿ 27 ಎಲೆಗಳು. ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವಾದ್ದರಿಂದ ಈ ನೋಟ ಈಗ ವಿರಳ. ಗಿಳಿ ಎಳೆದ ಎಲೆಗೆ ಅರ್ಥ ಹೇಳಿದವನು ಸಂಜೆಗೆ ಚಾಪೆ ಸುತ್ತಿ ಮುಂದಿನೂರಿಗೆ ಹೋಗುತ್ತಾನೆ. “ಮೂರು ತಿಂಗಳಲ್ಲಿ ನೌಕರಿ” ಎಂಬ ಮಾತು ಸುಳ್ಳಾದರೆ ಕೇಳುವುದು ಯಾರನ್ನು? ಮೇಜಿನಾಟದ ಸೂತ್ರಧಾರನಿಗೆ ಈ ಸೌಕರ್ಯವಿಲ್ಲ. ಮುಂದಿನ ವಾರವೂ ಅವನು ಅದೇ ಕುರ್ಚಿಯಲ್ಲಿ, ಅದೇ ಐವರ ಎದುರಿಗೆ ಕೂಡಬೇಕು. ಎಲೆ ನುಡಿದುದನ್ನು ನಡೆಸಿ ತೋರಿಸಬೇಕು.

ಕೊರವಂಜಿಯ ವೇಷ

ಭವಿಷ್ಯ ಹೇಳುವವನೇ ಅದನ್ನು ನಡೆಸುವವನೂ ಆದರೆ ಏನಾದೀತೆಂಬುದಕ್ಕೆ ನಮ್ಮ ಆಟದಲ್ಲಿ ಒಂದು ಅಪೂರ್ವ ನಿದರ್ಶನವಿದೆ. ಶ್ರೀನಿವಾಸ ಕಲ್ಯಾಣದ ಪ್ರಸಂಗವನ್ನು ನೋಡಿದವರಿಗೆ ಕೊರವಂಜಿಯ ನೆನಪಿರಬಹುದು. ಆಕಾಶರಾಜನ ಅರಮನೆಗೆ ಬುಟ್ಟಿ ಹೊತ್ತು ಬಂದ ಆ ಹೆಂಗಸು ಪದ್ಮಾವತಿಯ ಮನಸ್ಸಿನಲ್ಲಿರುವವನು ಯಾರೆಂದು ಕಣಿ ಹೇಳುತ್ತಾಳೆ. ಅವನಿಗೇ ಮಗಳನ್ನು ಕೊಡಿರೆಂದು ರಾಣಿಗೆ ತಿಳಿಸುತ್ತಾಳೆ. ಸೀರೆಯುಟ್ಟು ಬಂದ ಕೊರವಂಜಿ ಸಾಕ್ಷಾತ್ ಶ್ರೀನಿವಾಸನೇ! ಅರಮನೆಯವರಿಗೆ ಅದು ತಿಳಿಯದು, ಪ್ರೇಕ್ಷಕರಿಗೆ ತಿಳಿದಿದೆ. ಅವನ ಕಣಿ ತಪ್ಪುವಂತಿಲ್ಲ, ಏಕೆಂದರೆ ಮದುವೆಯಾಗಬೇಕಾದವನೇ ಅದನ್ನು ಹೇಳುತ್ತಿದ್ದಾನೆ. ಹಿಕ್‌ಮನ್ ದಂಪತಿಗಳ ಈವಾಳ ಧ್ವನಿಯಲ್ಲಿ ಮಾತನಾಡುವ ಸೂತ್ರಧಾರನೂ ಇಂಥ ವೇಷಧಾರಿಯೇ.

ಹಾಗೆಂದು ವೇಷವೆಲ್ಲ ನಿರಪಾಯವಾದುದೆಂದು ತಿಳಿಯಲಾಗದು. ಈವಾ ಸೇರಿದ ಅಲೆಮಾರಿ ಕುಲವನ್ನು ಯೂರೋಪಿನ ರೋಮಾ ಜನರ ಅಚ್ಚಿನಲ್ಲಿಯೇ ಎರಕ ಹೊಯ್ಯಲಾಗಿತ್ತು: ಬಣ್ಣದ ಗಾಡಿ, ಕುಡಿತ, ಕಳವು, ಮಾಟ. ರೋಮಾ ಜನರ ಮೂಲ ನಮ್ಮ ಭಾರತವೇ. ಅವರ ನುಡಿಯಲ್ಲಿ ನೀರಿಗೆ ಇಂದಿಗೂ ಪಾನಿಯೆಂದೇ ಹೆಸರು. ಶತಮಾನಗಳ ತಿರಸ್ಕಾರವನ್ನೂ ಹಿಟ್ಲರನ ಕಾಲದಲ್ಲಿ ಸಾಮೂಹಿಕ ಕಗ್ಗೊಲೆಯನ್ನೂ ಉಂಡ ಆ ಜನರನ್ನು ಹೀಗೆ ಆಟದ ಸಾಮಗ್ರಿಯಾಗಿಸಿದ್ದು ಸಲ್ಲದೆಂಬ ಟೀಕೆ ಬಲವಾಗಿ, 2020ರಲ್ಲಿ ಪ್ರಕಾಶಕರು ಆ ಚಿತ್ರಣವನ್ನು ತಿದ್ದುವುದಾಗಿ ಒಪ್ಪಿಕೊಂಡರು.

ಈ ಟೀಕೆ ನಮ್ಮ ಮನೆಬಾಗಿಲಿಗೂ ಬರತಕ್ಕದ್ದು. ರಂಗದ ಮೇಲೆ ಚಪ್ಪಾಳೆ ಗಿಟ್ಟಿಸುವ ಕೊರವಂಜಿಯ ಕುಲದವರನ್ನು, ಕೊರವರ ಹಲವು ಪಂಗಡಗಳನ್ನು, ಬ್ರಿಟಿಷರು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿದ್ದರು. 1871ರ ಆ ಕರಾಳ ಕಾಯಿದೆ ರದ್ದಾದುದು 1952ರಲ್ಲಿ. ಕಣಿ ಕೇಳಲು ಅಂಗಳಕ್ಕೆ ಕರೆದವರೇ, ಆಕೆ ಹೋದ ಮೇಲೆ ಪಾತ್ರೆ ಎಣಿಸಿ ನೋಡುತ್ತಿದ್ದ ಕಾಲವದು. ಇಂದು ಕನ್ನಡದ ಮಕ್ಕಳು ತಮ್ಮದೇ ಕಥೆಯನ್ನು ಕಟ್ಟಿ ಆಡುವಾಗ ಅದರಲ್ಲೊಬ್ಬ ಕೊರವಂಜಿ ಬಂದರೆ, ಅವಳು ಕಥೆಗೆ ಬಾಗಿಲು ತೆರೆದು ಮಾಯವಾಗುವ ಬುಟ್ಟಿಯಾಗದೆ ತನ್ನದೇ ಹಸಿವು, ಹಟ, ಹಾಸ್ಯಗಳುಳ್ಳ ಹೆಣ್ಣಾಗಿರಲಿ. ಸೂತ್ರಧಾರನ ಶ್ರಮ ಅದರಿಂದ ಕೊಂಚ ಹೆಚ್ಚೀತು, ಆಟದ ರುಚಿಯೂ ಹೆಚ್ಚೀತು.

ಅಮೆರಿಕೆಯಲ್ಲಿ ಎದ್ದ ಗದ್ದಲವಾದರೋ ಬೇರೆಯ ಬಗೆಯದು. 1980ರ ದಶಕದಲ್ಲಿ ಈ ಆಟ ಮಕ್ಕಳನ್ನು ಪಿಶಾಚಪೂಜೆಗೆ ಎಳೆಯುತ್ತದೆಂದು ಅಲ್ಲಿಯ ಹಲವು ತಂದೆತಾಯಿಗಳೂ ಧರ್ಮಬೋಧಕರೂ ಹುಯಿಲೆಬ್ಬಿಸಿದರು. 1989ರ ಆವೃತ್ತಿಯಲ್ಲಿ ಪ್ರಕಾಶಕರು ಪಿಶಾಚಗಳ ಹೆಸರನ್ನೇ ಬದಲಿಸಿಬಿಟ್ಟರು. ಕೋರೆಹಲ್ಲುಗಳು ಮಾತ್ರ ಹಾಗೆಯೇ ಉಳಿದವು. ಯಕ್ಷಗಾನದ ಬಣ್ಣದ ವೇಷವನ್ನು ತೊಡೆಯ ಮೇಲಿನ ಕೂಸಿಗೆ ತೋರಿಸುತ್ತ ಬೆಳೆಸಿದ ನಾಡಿಗೆ ಈ ಭಯ ಅಷ್ಟಾಗಿ ತಟ್ಟಲಾರದು.

ಮಾತು ಹೇಗೆ ಫಲಿಸಬೇಕು?

ಎಲೆಯನ್ನು ಆಟದಲ್ಲಿ ಬಳಸುವವರು ಕಲಿಯಬೇಕಾದ ಜಾಣ್ಮೆಯೊಂದಿದೆ. ಅದನ್ನು ಪುರಾಣಗಳಷ್ಟು ಚೆನ್ನಾಗಿ ಕಲಿಸುವ ಪುಸ್ತಕ ಬೇರೆಯಿಲ್ಲ. ತಂಗಿಯ ಮದುವೆಯ ರಥವನ್ನು ನಡೆಸುತ್ತಿದ್ದ ಕಂಸನಿಗೆ ಅಶರೀರವಾಣಿ ಕೇಳಿಸುತ್ತದೆ: ಎಂಟನೆಯ ಗರ್ಭವು ನಿನ್ನನ್ನು ಕೊಲ್ಲುವುದು. ಅಷ್ಟೇ. ಯಾವಾಗ, ಎಲ್ಲಿ, ಹೇಗೆಂದು ಅದು ಹೇಳುವುದಿಲ್ಲ. ಮಾತು ನಿಶ್ಚಿತ, ದಾರಿ ಅನಿಶ್ಚಿತ; ಕಂಸನ ಕ್ರೌರ್ಯಕ್ಕೂ ವಸುದೇವನ ಬುಟ್ಟಿಗೂ ಯಮುನೆಯ ನೆರೆಗೂ ಆ ಅನಿಶ್ಚಯದಲ್ಲಿಯೇ ಜಾಗ. ಹಿರಣ್ಯಕಶಿಪುವಿನ ವರವೂ ಹಾಗೆಯೇ. ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ ಎಂಬ ಮಾತು ಅಕ್ಷರಶಃ ನಡೆಯುತ್ತದೆ, ಯಾರೂ ಎಣಿಸದ ಹೊಸ್ತಿಲ ಮೇಲೆ ನಡೆಯುತ್ತದೆ.

ಮೇಜಿನ ಮೇಲಿನ ಎಲೆಯೂ ಇದೇ ಹದದಲ್ಲಿ ನುಡಿಯಬೇಕು. “ನಿಮ್ಮಲ್ಲೊಬ್ಬ ದ್ರೋಹ ಮಾಡುವನು” ಎಂದು ಆಟಗಾರನ ಸ್ವಂತ ನಿರ್ಧಾರವನ್ನೇ ಎಲೆ ಕಸಿದುಕೊಂಡರೆ ಆಟ ಅಲ್ಲಿಗೆ ಮುರಿಯಿತು. ಆಡಲು ಬಂದವನು ಬೊಂಬೆಯಾದ. “ಮುರಿದ ಗಂಟೆಯ ಕೆಳಗೆ ನಂಬಿಕೆಯೊಂದು ಒಡೆಯುವುದು” ಎಂದರೆ ಸಾಕು, ಮುಂದಿನ ಮೂರು ವಾರ ಎಲ್ಲರೂ ಗಂಟೆಯನ್ನು ಹುಡುಕುತ್ತಾರೆ. ಹುಡುಕುತ್ತ ಅವರು ಆಡುವ ಊಹೆಗಳಿಗೆ ಸೂತ್ರಧಾರನು ಕಿವಿಗೊಡುತ್ತಾನೆ. ತನ್ನ ಯೋಚನೆಗಿಂತ ಅವರ ಊಹೆ ಚೆನ್ನಾಗಿದ್ದರೆ ಸದ್ದಿಲ್ಲದೆ ಅದನ್ನೇ ನಿಜಮಾಡುತ್ತಾನೆ. ಕೆಲವರು ಎಲೆಗಳನ್ನು ಮೊದಲೇ ಆರಿಸಿ ಕಟ್ಟಿನಲ್ಲಿ ಜೋಡಿಸಿಟ್ಟು, ಕಲಸಿದಂತೆ ನಟಿಸುವುದೂ ಉಂಟು. ಕಥೆಯ ಅಂದಕ್ಕಾಗಿ ಹಾಗೆ ಮಾಡುತ್ತಾರೆಂದು ಸಮಾಧಾನ ಹೇಳಿದರೂ ಅದು ಗಿಳಿಯವನ ದಾರಿಗೆ ತೀರ ಹತ್ತಿರ. ನಿಜವಾಗಿ ಕಲಸಿ ತೆಗೆದ ಎಲೆಯ ಎದುರಿನಲ್ಲಿ ಸೂತ್ರಧಾರನ ಮುಖದಲ್ಲಿಯೂ ಕ್ಷಣಕಾಲ ದಿಗಿಲು ಮೂಡುತ್ತದೆ. ಆ ದಿಗಿಲೇ ಮಕ್ಕಳನ್ನು ಮೇಜಿಗೆ ಮತ್ತೆ ಮತ್ತೆ ಎಳೆಯುವುದು.

ಕನ್ನಡದಲ್ಲಿ ಈ ಆಟವನ್ನಾಡಬಯಸುವವರು ಲಂಡನ್ನಿನ ಎಲೆಗಳಿಗೆ ಕಾಯಬೇಕಾಗಿಲ್ಲ. ದಶಾವತಾರದ 120 ಎಲೆಗಳಲ್ಲಿ ಪ್ರತಿ ಅವತಾರಕ್ಕೂ ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳಿವೆ. ಮತ್ಸ್ಯ ಬಂದರೆ ಕಳೆದುಹೋದ ಗ್ರಂಥ ನೀರಿನಡಿಯಲ್ಲಿದೆ. ಕೂರ್ಮ ಬಂದರೆ ಭಾರ ಹೊರುವ ಗೆಳೆಯನೊಬ್ಬ ಕಾದಿದ್ದಾನೆ. ವರಾಹವಾದರೆ ನೆಲದೊಳಗೆ ಅಗೆಯಬೇಕು. ನರಸಿಂಹವಾದರೆ ವೈರಿ ಸಿಕ್ಕುವುದು ಹೊಸ್ತಿಲಲ್ಲಿ. ವಾಮನನಾದರೆ ಚಿಕ್ಕದೆಂದು ಕಡೆಗಣಿಸಿದ ಬೇಡಿಕೆಯೊಂದು ಮೂರು ಹೆಜ್ಜೆಯಾಗಿ ಬೆಳೆದೀತು. ಗಂಜೀಫಾದ ನಿಯಮದಲ್ಲಿ ಅರ್ಧ ಬಣ್ಣಗಳಿಗೆ ಹತ್ತು ಹಿರಿದು, ಉಳಿದರ್ಧಕ್ಕೆ ಒಂದು ಹಿರಿದು. ಆದುದರಿಂದ ಎಲೆಯ ಬಲ ಎಷ್ಟೆಂದು ತಿಳಿಯಲು ಅದು ಯಾರ ಎಲೆಯೆಂದು ಮೊದಲು ನೋಡಬೇಕು. ಹಗಲಿನಲ್ಲಿ ಆಡುವಾಗ ರಾಮನ ರಾಜನೆಲೆ ಯಾರ ಕೈಯಲ್ಲಿದೆಯೋ ಅವರು ಆಟವನ್ನು ತೊಡಗಬೇಕು, ದೀಪ ಹಚ್ಚಿದ ಮೇಲಾದರೆ ಕೃಷ್ಣನದು ಇದ್ದವರು. ಎಲೆಗಳನ್ನು ಮೇಜಿನ ಮೇಲೆ ಹರಡುವ ಮುನ್ನ ಸೂತ್ರಧಾರನು ಕಿಟಕಿಯಾಚೆಗೆ ಒಮ್ಮೆ ಕಣ್ಣು ಹಾಯಿಸಿ, ಹೊತ್ತು ಮುಳುಗಿದೆಯೇ ಎಂದು ನೋಡಿಕೊಳ್ಳಬೇಕಾದೀತು.